ಹತ್ತೂವರೆಯ ಗೇಟು

"ಇವತ್ತು ನಾನು ಇವಳನ್ನ ಕರ್ಕೊಂಡು ಹೋಗಲ್ಲ!"

ನರ್ಸರಿಯ ಗೇಟಿನಲ್ಲಿ ನಿಂತು ಅವಳು ಹೀಗೆಂದಾಗ ಮೇಷ್ಟ್ರು ಕಕ್ಕಾಬಿಕ್ಕಿಯಾದರು. ಅವರ ಕೈ ಹಿಡಿದಿದ್ದ ನಾಲ್ಕು ವರ್ಷದ ಗುಬ್ಬಿ ಮಾತ್ರ ಅಮ್ಮನನ್ನು ನೋಡಿ ನಕ್ಕಳು.

ಗುಬ್ಬಿಗೆ ಮಾತು ತಡ. ಉಳಿದ ಮಕ್ಕಳು ಮೂರು ಗಂಟೆಯವರೆಗೆ ಇದ್ದರೆ, ಅವಳನ್ನು ಹತ್ತೂವರೆಗೇ ಮನೆಗೆ ಕಳಿಸುತ್ತಿದ್ದರು. ಮಾತು ಬರುವವರೆಗೆ ಹೀಗೇ ಅಂದಿದ್ದರು ಹೆಡ್ ಮೇಡಂ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ನನ್ನೇ ನಂಬಿದ್ದ ಅವಳು ದಿನಾ ಅರ್ಧ ಹೊಲಿದ ಬಟ್ಟೆ ಬಿಟ್ಟು ಓಡಿ ಬರಬೇಕಿತ್ತು.

'ಮಾತಾಡೋ ಮಕ್ಕಳ ಜೊತೆ ಬಿಡದೆ, ಮಾತು ಎಲ್ಲಿಂದ ಬರುತ್ತೆ?' ಅಂತ ಅವಳಿಗೆ ದಿನಾ ಅನ್ನಿಸುತ್ತಿತ್ತು.

"ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ..." ಎಂದರು ಮೇಷ್ಟ್ರು.

"ಐದು ತಿಂಗಳು ಮಾಡ್ಕೊಂಡಿದ್ದಾಯ್ತು ಸರ್!"

ಅವಳ ಕಣ್ಣು ಅವರ ಕಂಕುಳಲ್ಲಿದ್ದ ನೀಲಿ ಪುಸ್ತಕದ ಮೇಲೆ ಬಿತ್ತು. ಗುಬ್ಬಿಯನ್ನು ಒಪ್ಪಿಸಿದ ಮೇಲೆ ದಿನಾ ಅದರಲ್ಲಿ ಅವರು ಏನೋ ಗೀಚುತ್ತಿದ್ದರು.

"ಅದ್ರಲ್ಲಿ ನನ್ನ ಮಗಳ ಮೇಲಿನ ದೂರು ತಾನೇ ಇರೋದು? ಮುಂದೆ ನಗು, ಹಿಂದೆ ದೂರು!"

ಆ ನಗು ಅವಳಿಗೆ ಯಾವಾಗಲೋ ಇಷ್ಟವಾಗಿಬಿಟ್ಟಿತ್ತು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಗದ್ದಲ ಕೇಳಿ ಹೆಡ್ ಮೇಡಂ ಬಂದರು. "ಅವಳಿಗೆ ಏನು ಬೇಕು ಅಂತಾನೇ ನಮಗೆ ಗೊತ್ತಾಗಲ್ಲಮ್ಮ."

ಅವಳು ಚೀಲದಿಂದ ಒಂದು ಬಟ್ಟೆಯ ಪಟ್ಟಿ ತೆಗೆದಳು. ಉಳಿದ ಚೂರುಗಳಲ್ಲಿ ಹೊಲಿದ ಲೋಟ, ಡಬ್ಬಿ, ಚೆಂಡು, ಕಕ್ಕಸಿನ ಬಾಗಿಲಿನ ಚಿತ್ರಗಳು... ಎಲ್ಲವನ್ನೂ ಪಟ್ಟಿಗೆ ಗುಂಡಿ ಹಾಕಿ ಸಿಕ್ಕಿಸಿತ್ತು.

ಗುಬ್ಬಿ ಗುಂಡಿ ಬಿಚ್ಚಿ ಲೋಟದ ಚಿತ್ರವನ್ನು ಮೇಡಂ ಕೈಗಿಟ್ಟಳು.

ಮೇಡಂ ನೀರು ತರಿಸಿದರು. ಗುಬ್ಬಿ ಗಟಗಟ ಕುಡಿದಳು.

"ಇದನ್ನೂ ನೋಡಿ ಮೇಡಂ." ಮೇಷ್ಟ್ರು ಪುಸ್ತಕ ತೆರೆದು ಓದಿದರು. "ಹಸಿವಾದ್ರೆ ಡಬ್ಬಿ ತಟ್ತಾಳೆ. ಅಳೋ ಮಗುವಿಗೆ ತನ್ನ ಚೆಂಡು ಕೊಟ್ಟಳು. ಮನೆಗೆ ಕಳಿಸುವಾಗ ಕಿಟಕಿ ಸರಳು ಹಿಡ್ಕೊಂಡು ಬಿಡಲಿಲ್ಲ..."

ಪ್ರತಿ ಪುಟದ ಕೊನೆಗೂ ಒಂದೇ ಸಾಲು: ಇಡೀ ದಿನ ಇರಲಿ.

ಅವಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಛೇ, ಎಂಥ ಮಾತಾಡಿಬಿಟ್ಟೆ!

"ಸರಿ... ಸೋಮವಾರದಿಂದ ಮೂರು ಗಂಟೆವರೆಗೆ ಇರಲಿ," ಎಂದರು ಮೇಡಂ.

"ಬರೆದು ಕೊಡಿ ಮೇಡಂ," ಎಂದಳು ಅವಳು. ಬರೆಸಿಕೊಂಡೇ ಹೊರಟಳು.

ಸೋಮವಾರ. ಸರಿಯಾಗಿ ಹತ್ತೂವರೆಗೆ ಅವಳು ಗೇಟಿನಲ್ಲಿದ್ದಳು! ಕೈಯಲ್ಲಿ ಇಂಚುಟೇಪು ಇನ್ನೂ ಹಾಗೇ ಇತ್ತು.

"ಮೂರಕ್ಕಲ್ವಾ ಬರಬೇಕಿದ್ದು?" ಮೇಷ್ಟ್ರು ಆಗಲೇ ಗೇಟಿನ ಹತ್ತಿರ ನಿಂತಿದ್ದರು.

"ಕಾಲು ಅದರ ಪಾಡಿಗೆ ಬಂದುಬಿಡ್ತು ಸರ್... ಅವತ್ತು ಬಾಯಿಗೆ ಬಂದಂಗೆ ಅಂದೆ. ತಪ್ಪಾಯ್ತು. ನೀವ್ಯಾಕೆ ಇಲ್ಲಿ?"

"ಹತ್ತೂವರೆ ಆದ್ರೆ ನನ್ನ ಕಾಲೂ ಇಲ್ಲಿಗೇ ಬರುತ್ತೆ." ಅವರು ತಲೆ ತಗ್ಗಿಸಿದರು. "ಇಡೀ ದಿನ ಇರಲಿ ಅಂತ ಬರೆಯೋವಾಗೆಲ್ಲ ಸಂಕಟ ಆಗ್ತಿತ್ತು. ಅವಳು ಒಳಗೆ ಉಳಿದ್ರೆ, ಈ ಹೊತ್ತಿಗೆ ನೀವು ಬರಲ್ಲ ಅಂತ..."

ಅವಳು ಇಂಚುಟೇಪನ್ನು ಬೆರಳಿಗೆ ಸುತ್ತಿಕೊಂಡಳು.

"ಆದ್ರೂ ಬರೆದ್ರಲ್ಲ!"

"ಬರೀಲೇಬೇಕಿತ್ತು."

ಕಿಟಕಿಯಲ್ಲಿ ಗುಬ್ಬಿ ಕಾಣಿಸಿದಳು. ಅಮ್ಮನಿಗೆ ಕೈ ಬೀಸಿ, ಮತ್ತೆ ಮಕ್ಕಳ ನಡುವೆ ಓಡಿಹೋದಳು. ಅಮ್ಮನ ಕಣ್ಣು ತುಂಬಿ ಬಂತು.

"ಮೂರಕ್ಕೆ ಬರ್ತೀನಿ. ನಮ್ಮ ಜೊತೆ ಮನೆವರೆಗೂ ನಡ್ಕೊಂಡು ಬರ್ತೀರಾ?"

"ಇವತ್ತಾ?"

"ದಿನಾ."