ಲಮಿಸಿಯ ತಲೆಯ ಮೇಲೆ ಇಪ್ಪತ್ತು ನಿಮಿಷ

ಕುಳಿತುಕೊಳ್ಳಿ. ನಿಮ್ಮ ಫೋನಿಗೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ಮನುಕುಲಕ್ಕೆ ಸಂಬಂಧಪಟ್ಟ ಒಂದು ಗಹನವಾದ ವಿಚಾರ ಹೇಳುತ್ತೇನೆ.

ಕೇಬಲ್ಲು.

ಸಿಂಹಾಸನಗಳು ಉರುಳುವುದು, ಮದುವೆಗಳು ಮುರಿಯುವುದು ಎಲ್ಲ ಆಮೇಲೆ. ಮೊದಲು ಕೇಬಲ್ಲು. ಒಂದೂವರೆ ಅಡಿ ಉದ್ದದ, ತುದಿ ಸ್ವಲ್ಪ ಸಡಿಲಾದ, ಕಪ್ಪು ಟೇಪು ಸುತ್ತಿದ ಒಂದು ಕೇಬಲ್ಲು.

ಆ ಮಂಗಳವಾರ ಬೆಳಿಗ್ಗೆ ಹನ್ನೊಂದೂಮುಕ್ಕಾಲಿಗೆ ಅದರ ಒಂದು ತುದಿಯಲ್ಲಿ ನನ್ನ ಲ್ಯಾಪ್‌ಟಾಪ್ ಇತ್ತು. ಇನ್ನೊಂದು ತುದಿಯಲ್ಲಿ ಒಂದು ಸತ್ತ ಫೋನು. ಪರದೆಯ ಮೇಲೆ ನೀಲಿ ಗೆರೆ ಇರುವೆಯಂತೆ ತೆವಳುತ್ತಿತ್ತು... ಶೇಕಡಾ ಹದಿನಾಲ್ಕು.

ಅಂಗಡಿಯ ಮುಂದೆ ಒಬ್ಲಿಟೆ ನಿಂತಿದ್ದ.

ಒಬ್ಲಿಟೆ ಯಾರೆಂದು ನಮ್ಮ ಈ ಅಕ್ರಾ ಶಹರದಲ್ಲಿ ಜಾಗ ಕೊಂಡವರನ್ನು ಕೇಳಿ. ತಕರಾರಿನ ಜಾಗಕ್ಕೆ ಬಾಡಿಗೆಗೆ ಸಿಗುವ ತೋಳು. ಇವತ್ತು ಒಬ್ಬನ ಪರವಾಗಿ ಗೋಡೆ ಕಾಯುತ್ತಾನೆ, ನಾಳೆ ಇನ್ನೊಬ್ಬನ ಪರವಾಗಿ ಅದೇ ಗೋಡೆ ಕೆಡವುತ್ತಾನೆ. ಅದಕ್ಕೂ ಮೊದಲು ಬಾಕ್ಸರ್. ನಾನೂ ಅದೇ. ಹದಿನಾರು ವರ್ಷದ ಹಿಂದೆ ಬುಕೋಮಿನ ಕಣದಲ್ಲಿ, ನಾಲ್ಕನೇ ಸುತ್ತಿನಲ್ಲಿ ನನ್ನನ್ನು ಮಲಗಿಸಿದವನು ಇವನೇ. ಎಬ್ಬಿಸಿ ಕೂರಿಸಿದಾಗ ಕಿವಿಯಲ್ಲಿ ಒಂದು ಮಾತು ಹೇಳಿದ್ದ.

"ಅರ್ಮಾ, ಎಲ್ಲಿ ಹೊಡೀಬೇಕು ಅಂತೀಯೋ ಅಲ್ಲೇ ನೋಡ್ತೀಯ ಕಣೋ. ನಿನ್ನ ಕಣ್ಣೇ ನಿನಗೆ ಶತ್ರು."

ಆಮೇಲೆ ನಾನು ಗ್ಲೌಸ್ ಬಿಚ್ಚಿ ಚಿಮಟ ಹಿಡಿದೆ. ಎರಡು ಸಲ ಮುರಿದ ಬೆರಳುಗಳು. ಆದರೂ ಅಕ್ಕಿ ಕಾಳಿನಷ್ಟು ಸ್ಕ್ರೂ ಬಿಡಿಸುತ್ತವೆ.

"ಫೋನ್ ಕೊಡು," ಅಂದ ಒಬ್ಲಿಟೆ. ಅವನ ಹಿಂದೆ ಇಬ್ಬರು.

"ಯಾವ ಫೋನು? ಇಲ್ಲಿ ನಾನೂರಿವೆ."

"ಟೈಲರಮ್ಮಂದು."

"ರಸೀದಿ ಇದೆಯಾ?"

ಅವನು ಪೇಪರು ಸುತ್ತಿದ ಉದ್ದನೆಯ ವಸ್ತುವೊಂದನ್ನು ಕೌಂಟರಿನ ಮೇಲೆ ಇಟ್ಟ. ಕಬ್ಬಿಣದ ಸದ್ದು ಬಂತು.

"ಇದೇ ರಸೀದಿ."

"ಸರಿ. ಹಿಂದಿದೆ, ತರ್ತೀನಿ."

"ಎರಡು ನಿಮಿಷ. ಹಳೇ ಸ್ನೇಹಕ್ಕೆ."

ಪರದೆ ಸರಿಸಿ ಒಳಗೆ ಬಂದೆ.

ಒಳಗೆ ಸ್ಟೂಲಿನ ಮೇಲೆ ಅಮೆಗಾಶಿ ಅಮ್ಮ ಕುಳಿತಿದ್ದರು. ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುವವರು. ಹೊರಗಿನ ಮಾತು ಅವರಿಗೂ ಕೇಳಿಸಿತ್ತು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದರು.

ಆ ಫೋನಿನ ಕತೆ ಇಷ್ಟು. ಓಹಾಯೋದಲ್ಲಿರುವ ಅವರ ತಮ್ಮ ಕಳಿಸಿದ್ದು. ಅಮೆರಿಕದ ಫೋನ್ ಕಂಪನಿಯ ಬೀಗ ಹಾಕಿದ್ದು. ನಮ್ಮೂರ ಸಿಮ್ ಹಾಕಿದರೆ ಮುಖ ತಿರುಗಿಸುತ್ತಿತ್ತು. ಎರಡು ವರ್ಷದ ಹಿಂದೆ ಅವರ ಗಂಡ ನನ್ನಲ್ಲಿಗೆ ತಂದರು. ಬೀಗ ಒಡೆದೆ. ಕಂಪನಿಯ ಸಿಸ್ಟಮ್ ಕಿತ್ತುಹಾಕಿ ನಾನೇ ಹದ ಮಾಡಿದ ಸಿಸ್ಟಮ್ ತುಂಬಿದೆ. ಆನ್ ಮಾಡಿದರೆ ಕಂಪನಿಯ ಹೆಸರಿನ ಬದಲು ಒಂದು ಜೊತೆ ಕೆಂಪು ಬಾಕ್ಸಿಂಗ್ ಗ್ಲೌಸ್ ಕಾಣಿಸುತ್ತವೆ. ಅದು ನನ್ನ ರುಜು. ಅಹಂಕಾರ ಅನ್ನಿ, ಬೇಡ ಅನ್ನುವುದಿಲ್ಲ.

ಅದೇ ತಿಂಗಳು ಅವರು ಜಾಗ ಕೊಂಡರು. ಆ ಜಾಗದ ಒಡೆತನವಿದ್ದ ಮನೆತನದ ಹಿರಿಯ, ಮುದುಕ ಕ್ವೇ, ಪದ್ಧತಿಯಂತೆ ಶ್ನಾಪ್ಸ್ ಮದ್ಯವನ್ನು ನೆಲಕ್ಕೆ ಹೊಯ್ದು, ಪಿತೃಗಳನ್ನು ಕರೆದು, ಕೊಂಡವರ ಹೆಸರು ಹೇಳಿದ. ಅಮ್ಮನ ಗಂಡ ಅದನ್ನು ಈ ಫೋನಿನಲ್ಲೇ ವಿಡಿಯೋ ಮಾಡಿದರು. ಆಮೇಲೆ ಗಂಡ ತೀರಿಹೋದರು. ಮುದುಕನೂ ಹೋದ. ಮುದುಕನ ಸೋದರಳಿಯ ಹೊಸ ಯಜಮಾನನಾಗಿ ಕುಳಿತ. ಅದೇ ಜಾಗವನ್ನು ಇನ್ನೊಬ್ಬನಿಗೆ ಮಾರಿದ. ಅಮ್ಮನ ಕ್ರಯಪತ್ರದ ಮೇಲಿನ ಮುದುಕನ ಹೆಬ್ಬೆಟ್ಟು ಖೋಟಾ ಅಂದ.

ಉಳಿದದ್ದು ವಿಡಿಯೋ ಒಂದೇ. ಆವತ್ತು ಮಧ್ಯಾಹ್ನ ಹನ್ನೆರಡಕ್ಕೆ ಊರ ಮುಖ್ಯಸ್ಥರ ಅಂಗಳದಲ್ಲಿ ಪಂಚಾಯಿತಿ. ತೋರಿಸದಿದ್ದರೆ ಮರುದಿನ ಆ ಜಾಗದಲ್ಲಿ ಅಮ್ಮ ಕಟ್ಟಿಸಿದ ಗೋಡೆ ನೆಲಕ್ಕೆ.

ಅದರ ಹಿಂದಿನ ವಾರ ಹೊಸ ಯಜಮಾನನ ಕಡೆಯವನೊಬ್ಬ, "ಅಪ್‌ಡೇಟ್ ಮಾಡಿಕೊಡ್ತೀನಮ್ಮ, ಫ್ರೀ," ಎಂದು ಫೋನು ಒಯ್ದಿದ್ದ. ನನ್ನ ಸಿಸ್ಟಮಿನ ಮೇಲೆ ಕಂಪನಿಯ ಸಿಸ್ಟಮ್ ಸುರಿದ. ಫೋನು ಕಣ್ಣು ಬಿಡಲಿಲ್ಲ. ಸತ್ತಿತು ಎಂದು ನಗುತ್ತಾ ವಾಪಸ್ ಕೊಟ್ಟ.

ಕೊಂದಿದ್ದ. ಹೂಳಿರಲಿಲ್ಲ.

ಮೇಲಿನ ಮನೆ ಕೆಡವಿದ್ದ ಅವಿವೇಕಿ, ನೆಲಮಾಳಿಗೆಗೆ ಕೈ ಹಾಕಿರಲಿಲ್ಲ. ಫೋಟೋ, ವಿಡಿಯೋ ಎಲ್ಲ ಇರುವುದು ಅಲ್ಲಿ. ನನ್ನ ಸಿಸ್ಟಮನ್ನೇ ಮತ್ತೆ ಮೇಲೆ ಕೂರಿಸಿದರೆ ಮೆಟ್ಟಿಲು ಸಿಗುತ್ತದೆ. ಆದರೆ ಬರೆಯುತ್ತಿರುವಾಗ ಕೇಬಲ್ಲು ಒಂದು ಸಲ ಅಲುಗಿದರೂ... ಫೋನು ಶಾಶ್ವತವಾಗಿ ಇಟ್ಟಿಗೆ.

ಶೇಕಡಾ ಹದಿನೆಂಟು. ಚಾರ್ಜರ್ ಕಿತ್ತರೆ ನನ್ನ ಲ್ಯಾಪ್‌ಟಾಪ್ ಇಪ್ಪತ್ತು ನಿಮಿಷ ಬದುಕುತ್ತದೆ. ಅದೂ ಅದರ ಮನಸ್ಸು ಚೆನ್ನಾಗಿದ್ದ ದಿನ.

ಹಿಂಬಾಗಿಲಲ್ಲಿ ಲಮಿಸಿ ನಿಂತಿದ್ದಳು. ಉತ್ತರದವಳು, ಆರಡಿ, ನಲವತ್ತರ ಆಸುಪಾಸು. ಮಾರ್ಕೆಟ್ಟಿನಲ್ಲಿ ತಲೆಹೊರೆ ಹೊರುವುದು ಅವಳ ಕೆಲಸ. ಹಳೆ ಬ್ಯಾಟರಿ ಸಾಗಿಸಲು ಬಂದಿದ್ದಳು, ಕೈಯಲ್ಲಿ ದೊಡ್ಡ ಬಾಂಡ್ಲಿ.

"ಲಮಿಸಿ, ತಲೆ ಖಾಲಿ ಇದೆಯಾ?"

"ಯಾವಾಗ್ಲೂ ಖಾಲೀನೇ ಅಣ್ಣ. ತುಂಬಿದ್ರೆ ಈ ಕೆಲ್ಸಕ್ಕೆ ಬರ್ತಿದ್ನಾ?"

"ಇದು ಅಲ್ಲಾಡಬಾರದು. ಒಂದು ಕೂದಲಷ್ಟೂ."

ಅವಳು ಲ್ಯಾಪ್‌ಟಾಪು, ಕೇಬಲ್ಲು, ಫೋನು ಎಲ್ಲವನ್ನೂ ಒಂದು ಸಲ ನೋಡಿದಳು. ಅಮೆಗಾಶಿ ಅಮ್ಮನ ಮುಖವನ್ನೂ ನೋಡಿದಳು.

"ಬೆನ್ನಲ್ಲಿ ಮಗು, ತಲೇಲಿ ಮೂಟೆ, ಓಡೋ ಬಸ್ಸು ಹತ್ತಿದೋಳು ನಾನು. ಇಡು."

ಸಿಂಬಿ ಸುತ್ತಿಕೊಂಡಳು. ಬಾಂಡ್ಲಿಯಲ್ಲಿ ಹಳೆ ಬಟ್ಟೆ ಹಾಸಿ, ಅದರ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಫೋನು ಒತ್ತರಿಸಿ ಇಟ್ಟೆ. ಚಾರ್ಜರ್ ಕಿತ್ತೆ. ಪರದೆ ಅರ್ಧ ಮಡಚಿ ಮೇಲೊಂದು ಬಟ್ಟೆ ಮುಚ್ಚಿದೆ. ಇಬ್ಬರೂ ಹಿಡಿದು ಅವಳ ತಲೆಗೇರಿಸಿದೆವು. ಉಸಿರು ಹಿಡಿದೆ.

ಅಲುಗಲಿಲ್ಲ.

"ಅಮ್ಮ, ನೀವು ಟ್ಯಾಕ್ಸಿ ಹಿಡಿದು ಮುಂದೆ ಹೋಗಿ. ಪಂಚಾಯಿತಿ ಶುರುವಾದ್ರೆ ಮಾತಾಡ್ತಾ ಇರಿ."

"ಏನು ಮಾತಾಡ್ಲಪ್ಪಾ?"

"ಗಂಡನ ಗುಣಗಾನ ಮಾಡಿ."

"ಅದು ಎರಡು ನಿಮಿಷಕ್ಕೆ ಮುಗಿಯುತ್ತೆ."

ಹಿಂದಿನ ಓಣಿಗೆ ಬಿದ್ದೆವು. ಸುಟ್ಟ ಬಾಳೆಕಾಯಿಯ ಹೊಗೆ, ಧ್ವನಿವರ್ಧಕದಲ್ಲಿ ಯಾರದೋ ಪ್ರಾರ್ಥನೆ, ಟ್ರೋಟ್ರೋ ವ್ಯಾನುಗಳ ಹಾರ್ನು. ಲಮಿಸಿ ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಅವಳ ಕಾಲು ಗುಂಡಿಗೆ ಇಳಿಯುತ್ತಿತ್ತು, ಕಲ್ಲು ಹತ್ತುತ್ತಿತ್ತು, ಸೊಂಟ ಅತ್ತಿತ್ತ ತೂಗುತ್ತಿತ್ತು. ಕತ್ತಿನಿಂದ ಮೇಲೆ ಮಾತ್ರ ಕಲ್ಲಿನ ವಿಗ್ರಹ.

ತಲೆಹೊರೆಯವಳ ಬಾಂಡ್ಲಿಯಲ್ಲಿ ಏನಿದೆ ಎಂದು ಈ ಊರಿನಲ್ಲಿ ಯಾರೂ ನೋಡುವುದಿಲ್ಲ. ಅದು ನನ್ನ ಲೆಕ್ಕಾಚಾರ. ಲೆಕ್ಕಾಚಾರ ಸರಿಯಾಗಿತ್ತು.

ನೋಡುತ್ತಿದ್ದವನು ನಾನೊಬ್ಬನೇ.

ಗಾಳಿಗೆ ಬಟ್ಟೆಯ ಅಂಚು ಹಾರಿದಾಗ ಪರದೆಯ ಅಂಕಿ ಕಾಣುತ್ತಿತ್ತು. ನಲವತ್ತೊಂದು. ಕತ್ತು ಎತ್ತಿದೆ. ನಲವತ್ತಾರು. ಮತ್ತೆ ಎತ್ತಿದೆ. ಹಿಂದೆ ನನ್ನ ಅಂಗಡಿಯ ಕಡೆ ತಗಡು ಕಿತ್ತುಬಿದ್ದ ಸದ್ದು... ಎರಡು ನಿಮಿಷ ಮುಗಿದಿತ್ತು.

"ಓಡೋಣ್ವಾ ಅಣ್ಣ?" ಲಮಿಸಿ ತಿರುಗದೇ ಕೇಳಿದಳು.

"ಓಡಿದ್ರೆ ಅಲ್ಲಾಡುತ್ತೆ."

"ನಿಂದು ಅಲ್ಲಾಡುತ್ತೆ. ನಂದು ಅಲ್ಲಾಡಲ್ಲ."

ಅವಳು ಹೆಜ್ಜೆ ಬಿರುಸು ಮಾಡಿದಳು. ನಾನು ಓಡಬೇಕಾಯಿತು. ರೈಲು ಹಳಿ ದಾಟಿದೆವು. ಓಡಾವ್ ಕಾಲುವೆಯ ಸೇತುವೆ ಕಂಡಿತು. ಅದರಾಚೆ ಹತ್ತು ನಿಮಿಷದ ದಾರಿ. ಅರವತ್ತಮೂರು...

"ಅರ್ಮಾ."

ಎಡಕ್ಕೆ, ಟೈರ್ ಅಂಗಡಿಯ ನೆರಳಿನಲ್ಲಿ ಒಬ್ಲಿಟೆ. ಅಡ್ಡದಾರಿಯಲ್ಲಿ ಬಂದಿದ್ದ. ಏದುಸಿರೂ ಇಲ್ಲ. ಅವನು ನನ್ನ ಕೈಯನ್ನು ನೋಡಲಿಲ್ಲ, ಜೇಬನ್ನು ನೋಡಲಿಲ್ಲ. ನನ್ನ ಕಣ್ಣನ್ನೇ ನೋಡುತ್ತಿದ್ದ.

"ಹದಿನಾರು ವರ್ಷ ಆಯ್ತು," ಅಂದ. "ಇನ್ನೂ ಅಲ್ಲೇ ನೋಡ್ತೀಯಲ್ಲೋ. ತಲೆ ಎತ್ತಿ ಏನು, ಹಕ್ಕಿ ಎಣಿಸ್ತಿದ್ದೀಯಾ?"



ಸೇತುವೆಯ ಮೇಲೆ ಹದಿನೈದಿಪ್ಪತ್ತು ಬಾಂಡ್ಲಿಗಳು. ಈರುಳ್ಳಿ, ಕಸಾವ ಗೆಣಸು, ಚಪ್ಪಲಿ, ನೀರಿನ ಪೊಟ್ಟಣ. ಲಮಿಸಿ ಆ ಸಾಲಿಗೆ ಸೇರಿಕೊಂಡಿದ್ದಳು. ಬಿಸಿಲಿಗೆ ಎಲ್ಲರ ಹೊರೆಯ ಮೇಲೂ ಬಟ್ಟೆ. ಯಾವುದು ಅವಳದು ಎಂದು ಒಬ್ಲಿಟೆಗೆ ಗೊತ್ತಿರಲಿಲ್ಲ. ಗೊತ್ತಾಗಲು ನನ್ನ ಕಣ್ಣು ಒಂದು ಸಲ ಅತ್ತ ಹೋದರೆ ಸಾಕು.

ಹೋಗಲು ಹಾತೊರೆಯುತ್ತಿತ್ತು. ಅರವತ್ತಮೂರು ಆದಮೇಲೆ ಎಷ್ಟಾಯಿತು? ಬ್ಯಾಟರಿ ಎಷ್ಟು ಉಳಿಯಿತು? ಕೇಬಲ್ಲು ಇದೆಯೋ, ಕಳಚಿತೋ?

ನೋಡಲಿಲ್ಲ.

ಸಾಲಿನ ಕೊನೆಯಲ್ಲಿ ದಪ್ಪಗಿನ ಹೆಂಗಸೊಬ್ಬಳು ಬರುತ್ತಿದ್ದಳು. ತಲೆಯ ಮೇಲೆ ಬಟ್ಟೆ ಮುಚ್ಚಿದ ಅಗಲವಾದ ಬಾಂಡ್ಲಿ. ಅವಳನ್ನು ನೋಡಿದೆ. ತಟ್ಟನೆ ಕಣ್ಣು ತಿರುಗಿಸಿದೆ. ಕಳ್ಳನಂತೆ ಮತ್ತೆ ನೋಡಿದೆ. ಕಣದಲ್ಲಿ ಎಡಗೈ ಬೀಸುವ ಮುಂಚೆ ಅವನ ಪಕ್ಕೆಲುಬನ್ನು ನೋಡುತ್ತಿದ್ದೆನಲ್ಲ, ಹಾಗೇ.

ಒಬ್ಲಿಟೆ ನಕ್ಕ. ನಾಲ್ಕು ಹೆಜ್ಜೆಗೆ ಸೇತುವೆ ಹತ್ತಿದ. ಬಾಂಡ್ಲಿಯ ಅಂಚಿಗೆ ಕೈ ಹಾಕಿ ಎಳೆದ.

ಬೇಯಿಸಿದ ಮೊಟ್ಟೆ. ಸುಮಾರು ನೂರು. ಜೊತೆಗೆ ಒಂದು ಡಬರಿ ತುಂಬ ಹಸಿಮೆಣಸಿನ ಗೊಜ್ಜು.

ಗೊಜ್ಜು ನೇರವಾಗಿ ಅವನ ಕಣ್ಣಿಗೆ.

"ಅಯ್ಯೋ ನಿನ್ ಮನೆ ಹಾಳಾಗ!" ಮೊಟ್ಟೆಯವಳು ಅವನ ಕಾಲರ್ ಹಿಡಿದಳು. "ಹೆಂಗಸರ ಅನ್ನ ಚೆಲ್ಲೋ ಗಂಡಸೇನೋ ನೀನು? ನಿಮ್ಮಮ್ಮ ಏನು ಮಾರಿ ಸಾಕಿದ್ಲೋ ನಿನ್ನ?"

"ಮೀನು," ಅಂದ ಒಬ್ಲಿಟೆ, ಕಣ್ಣು ಉಜ್ಜುತ್ತಾ. ಉಜ್ಜಬಾರದಿತ್ತು. ಇಪ್ಪತ್ತು ಬಾಂಡ್ಲಿಗಳು ಒಂದೊಂದಾಗಿ ನೆಲಕ್ಕಿಳಿದವು. ಇಪ್ಪತ್ತು ಹೆಂಗಸರು ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಸುತ್ತುವರಿದರು.

ಒಂದು ಬಾಂಡ್ಲಿ ಮಾತ್ರ ಇಳಿಯಲಿಲ್ಲ. ಅದು ಆಗಲೇ ಸೇತುವೆಯ ಆಚೆ ಇತ್ತು.

ಮುಖ್ಯಸ್ಥರ ಅಂಗಳದ ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು. ಅಮೆಗಾಶಿ ಅಮ್ಮ ಮಧ್ಯದಲ್ಲಿ ನಿಂತು ಗಂಡನ ಗುಣಗಳ ಪಟ್ಟಿಗೆ ಹೊಸ ಗುಣಗಳನ್ನು ಸೇರಿಸುತ್ತಿದ್ದರು. ಹೊಸ ಯಜಮಾನ ಆಕಳಿಸುತ್ತಿದ್ದ. ಮುಖ್ಯಸ್ಥರೊಂದಿಗೆ ಯಾರೂ ನೇರ ಮಾತಾಡುವಂತಿಲ್ಲ. ಕೋಲು ಹಿಡಿದ ಅವರ ವಕ್ತಾರ ನಮ್ಮನ್ನು ತಡೆದ.

"ಹೊರೆ ಇಳಿಸಿ. ದೊಡ್ಡೋರ ಮುಂದೆ ಮಂಡಿಯೂರಿ. ಫೋನ್ ಆಫ್ ಮಾಡಿ."

"ಅಪ್ಪಾ, ಮೂರರಲ್ಲಿ ಒಂದೇ ಸಾಧ್ಯ," ಅಂದೆ.

ಲಮಿಸಿ ಬೆನ್ನು ನೆಟ್ಟಗೆ ಇಟ್ಟುಕೊಂಡು ಮಂಡಿಯೂರಿದಳು. ಮೊದಲು ಬಲ ಮಂಡಿ, ಆಮೇಲೆ ಎಡ. ಬಾವಿಗೆ ಇಳಿಯುವ ಕೊಡದಂತೆ ಬಾಂಡ್ಲಿ ಕೆಳಗೆ ಬಂತು. ತೊಟ್ಟು ನೀರಿದ್ದರೂ ತುಳುಕುತ್ತಿರಲಿಲ್ಲ. ಮುಖ್ಯಸ್ಥರೇ ಕುರ್ಚಿಯಲ್ಲಿ ಮುಂದೆ ಬಾಗಿ ನೋಡಿದರು.

ಈಗ ಪರದೆ ನನ್ನ ಎದೆಯ ಮಟ್ಟಕ್ಕಿತ್ತು. ಬಟ್ಟೆ ಸರಿಸಿದೆ. ತೊಂಬತ್ತೆಂಟು... ತೊಂಬತ್ತೊಂಬತ್ತು...

ಲ್ಯಾಪ್‌ಟಾಪು ಕಪ್ಪಾಯಿತು.

ಬ್ಯಾಟರಿ ಮುಗಿದಿತ್ತು. ನೂರು ಆಯಿತೋ ಇಲ್ಲವೋ ದೇವರಿಗೇ ಗೊತ್ತು. ಕೇಬಲ್ಲು ಕಳಚಿದೆ, ಟೇಪಿನ ಜೊತೆ ತುದಿಯೂ ಕಿತ್ತು ಕೈಗೆ ಬಂತು. ಫೋನಿನ ಗುಂಡಿ ಒತ್ತಿ ಹಿಡಿದೆ. ಕಪ್ಪು. ಇನ್ನೂ ಕಪ್ಪು. ಅಮ್ಮ ಗಂಡನ ಗುಣಗಾನ ನಿಲ್ಲಿಸಿದ್ದರು.

ಒಂದು ಜೊತೆ ಕೆಂಪು ಗ್ಲೌಸ್.

ಅಮ್ಮ ಪಾಸ್‌ವರ್ಡಿನ ಅಂಕಿಗಳನ್ನು ಒತ್ತಿದರು. ವಿಡಿಯೋ ತೆರೆದರು. ಮುದುಕ ಕ್ವೇ ಖಾಲಿ ಜಾಗದಲ್ಲಿ ನಿಂತು ಶ್ನಾಪ್ಸ್ ಹೊಯ್ಯುತ್ತಿದ್ದ. ಪಿತೃಗಳ ಹೆಸರು, ಜಾಗದ ನಾಲ್ಕು ಮೂಲೆ, ಅಮೆಗಾಶಿ ದಂಪತಿಯ ಹೆಸರು, ಎಲ್ಲ ಸ್ಪಷ್ಟ. ಉಳಿದ ಒಂದು ಗುಟುಕನ್ನು ಗ್ಲಾಸಿಗೆ ಬಗ್ಗಿಸಿ ಪಕ್ಕಕ್ಕೆ ಚಾಚಿದ. "ಸಾಕ್ಷಿ ಕುಡೀಲಿ."

ದೊಡ್ಡದೊಂದು ಕೈ ಗ್ಲಾಸು ತೆಗೆದುಕೊಂಡಿತು. ಕ್ಯಾಮೆರಾ ಮೇಲೆದ್ದಿತು.

ಒಬ್ಲಿಟೆ.

ಸರಿಯಾಗಿ ಆಗಲೇ ಅವನು ಬಾಗಿಲಲ್ಲಿ ಕಾಣಿಸಿಕೊಂಡ. ಕಣ್ಣು ಟೊಮೆಟೊ ಆಗಿತ್ತು, ಅಂಗಿಯ ಮೇಲೆ ಮೊಟ್ಟೆ. ವಕ್ತಾರ ಫೋನನ್ನು ಅವನ ಮುಖದ ಮುಂದೆ ಹಿಡಿದು, ಮುಖ್ಯಸ್ಥರ ಪರವಾಗಿ ಕೇಳಿದ.

"ಕುಡಿದೋನು ನೀನಾ?"

ಒಬ್ಲಿಟೆ ಗೋಡೆ ಕೆಡವುತ್ತಾನೆ. ಕೈಕಾಲು ಮುರಿಯುತ್ತಾನೆ. ಆದರೆ ನೆಲಕ್ಕೆ ಹೊಯ್ದದ್ದನ್ನು ಹಂಚಿಕೊಂಡು ಕುಡಿದವನು ಇಲ್ಲ ಅನ್ನುವುದಿಲ್ಲ. ಪಿತೃಗಳು ಮನೆವರೆಗೂ ಹಿಂಬಾಲಿಸುತ್ತಾರೆ.

"ನಾನೇ."

"ಮೊದ್ಲೇ ಯಾಕೋ ಬೊಗಳಲಿಲ್ಲ?" ಹೊಸ ಯಜಮಾನ ಹಲ್ಲು ಕಡಿದ.

"ಫೋನ್ ತಗೊಂಬಾ ಅಂದ್ರಿ, ಒಳಗೇನಿದೆ ಅಂತ ಹೇಳಿದ್ರಾ?" ಅಂದ ಒಬ್ಲಿಟೆ. "ಆ ವರ್ಷ ಎಷ್ಟು ಜಾಗದಲ್ಲಿ ಕುಡಿದಿದ್ದೀನೋ. ಎಲ್ಲ ನೆನಪಿಟ್ಕೊಳ್ಳೋಕೆ ನಾನೇನು ಫೋನಾ?"

ಹೊರಗೆ ಹೋಗುವಾಗ ನನ್ನ ಪಕ್ಕ ಒಂದು ಕ್ಷಣ ನಿಂತ.

"ಯಾವಾಗ ಕಲಿತೆ?"

"ಸೇತುವೆ ಮೇಲೆ."

"ಆವತ್ತೇ ಕಲಿತಿದ್ರೆ ಗೆಲ್ತಿದ್ದೆ," ಅಂದ. ಕಣ್ಣು ಒರೆಸಿಕೊಳ್ಳುತ್ತಾ ಹೋದ.

ಅಮೆಗಾಶಿ ಅಮ್ಮನ ಗೋಡೆ ನಿಂತಿದೆ. "ಈ ಜಾಗ ಮಾರಾಟಕ್ಕಿಲ್ಲ" ಎಂದು ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದಾರೆ. ಕೇಬಲ್ಲು ಹೋಯಿತು.

ನಿಮ್ಮ ಫೋನಿಗೆ ಹಾಕಿರುವುದು ಹೊಸದು.