ಕ್ಯಾಪ್ಟನ್‌ನ ಸೆಲ್ಯೂಟ್

"ಯಾರೂ ಮಾತಾಡಬಾರದು. ಮಾತಾಡಿದ್ರೆ ಕ್ಯಾಪ್ಟನ್ ಮುಖ ತಿರುಗಿಸ್ಕೊಂಡು ಹೋಗ್ಬಿಡ್ತಾನೆ," ಎಂದಳು ಚೂಟಿ.

ಬೋನಿನ ಮುಂದಿನ ಕಟಕಟೆಗೆ ಆತುಕೊಂಡಿದ್ದ ಹತ್ತು ಹದಿನೈದು ಜನ ಸುಮ್ಮನಾದರು. ಒಬ್ಬ ಅಪ್ಪ ತನ್ನ ಹೆಗಲ ಮೇಲೆ ಕೂತಿದ್ದ ಮಗುವಿನ ಬಾಯಿಂದ ಪೀಪಿ ಕಿತ್ತುಕೊಂಡ.

ಒಳಗೆ ಕರಡಿ ಓಡಾಡುತ್ತಿತ್ತು. ಈ ಗೋಡೆಯಿಂದ ಆ ಗೋಡೆಗೆ ಒಂಬತ್ತು ಹೆಜ್ಜೆ, ಅಲ್ಲಿಂದ ತಿರುಗಿ ಇಲ್ಲಿಗೆ ಒಂಬತ್ತು ಹೆಜ್ಜೆ. ಅದು ನಡೆದ ಜಾಗದಲ್ಲಿ ಸಿಮೆಂಟು ನುಣ್ಣಗೆ ಸವೆದು, ನೀರು ಚೆಲ್ಲಿದ ಹಾಗೆ ಹೊಳೆಯುತ್ತಿತ್ತು. ಹಿಂದಿನ ಗೋಡೆಗೆ ಯಾರೋ ಯಾವ ಕಾಲದಲ್ಲೋ ಕಾಡಿನ ಚಿತ್ರ ಬರೆದಿದ್ದರು. ಬಣ್ಣ ಕಳಚಿ, ಮರಗಳಿಗೆ ಈಗ ಬುಡವೇ ಇರಲಿಲ್ಲ.

ಚೂಟಿ ಕೈಯನ್ನು ಸುಮ್ಮನೆ ಬೀಸಿದಂತೆ ಬೀಸಿದಳು. ಬೆರಳಸಂದಿಯಿಂದ ಒಂದು ಪೆಪ್ಪರ್‌ಮೆಂಟು ಕಂಬಿಗಳ ನಡುವೆ ಹಾರಿ ಒಳಗೆ ಬಿತ್ತು. ಜನರ ಕಣ್ಣೆಲ್ಲ ಕರಡಿಯ ಮೇಲಿದ್ದುದರಿಂದ ಅದು ಯಾರಿಗೂ ಕಾಣಲಿಲ್ಲ. ಕರಡಿ ಪೆಪ್ಪರ್‌ಮೆಂಟನ್ನು ಮೂಸಿ, ಬಾಯಿಗೆ ಹಾಕಿಕೊಂಡು ಕಟಂ ಎಂದು ಕಡಿಯಿತು.

ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿ ಚೂಟಿ ಕೂಗಿದಳು. "ಕ್ಯಾಪ್ಟನ್, ಸೆಲ್ಯೂಟ್."

ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು. ಮುಂಗಾಲನ್ನು ಮೆಲ್ಲಗೆ ಎತ್ತಿ ಕಿವಿಯ ಹತ್ತಿರ ಒತ್ತಿಕೊಂಡಿತು. ಹಾಗೇ ನಿಂತೇ ಇತ್ತು.

ಜನ ಚಪ್ಪಾಳೆ ತಟ್ಟಿದರು. "ಪರವಾಗಿಲ್ವೇ, ನಮ್ಮನೆ ಹುಡುಗನಿಗಿಂತ ವಾಸಿ. ಹೇಳಿದ ಮಾತು ಕೇಳುತ್ತೆ," ಎಂದರು ಒಬ್ಬರು.

ಚೂಟಿ ಕತ್ತು ನೆಟ್ಟಗೆ ಮಾಡಿಕೊಂಡು ನಿಂತಳು. ಪೆಪ್ಪರ್‌ಮೆಂಟಿನ ಗುಟ್ಟು ಅವಳಿಗೊಬ್ಬಳಿಗೇ ಗೊತ್ತು. ಬೇಸಿಗೆ ರಜೆಯಲ್ಲಿ ಒಂದು ದಿನ ಅವಳ ಕೈಜಾರಿ ಪೆಪ್ಪರ್‌ಮೆಂಟು ಒಳಗೆ ಬಿದ್ದಿತ್ತು. ಕರಡಿ ಅದನ್ನು ತಿಂದು ಕೈ ಎತ್ತಿತ್ತು. ಥ್ಯಾಂಕ್ಸ್ ಹೇಳುತ್ತಿದೆ ಎಂದುಕೊಂಡಿದ್ದಳು ಚೂಟಿ. ಅಲ್ಲಿಂದ ಶುರುವಾದದ್ದು ಈ ಸೆಲ್ಯೂಟ್. ಕ್ಯಾಪ್ಟನ್ ಎಂಬ ಹೆಸರನ್ನೂ ಅವಳೇ ಇಟ್ಟಿದ್ದಳು.

ಅವಳ ಅಮ್ಮ ಆ ಮೃಗಾಲಯದಲ್ಲಿ ಕರಡಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಹಿಂದಿನ ಗೇಟಿನ ಪಕ್ಕದ ಕ್ವಾರ್ಟರ್ಸಿನಲ್ಲಿ ಅವರ ಮನೆ. ದಿನಾ ಬೆಳಿಗ್ಗೆ ಅಮ್ಮ ಒಳಬಾಗಿಲಿನ ಸರಪಳಿ ಎಳೆದು ಕರಡಿಯನ್ನು ಹಿಂದಿನ ಸಣ್ಣ ಕೋಣೆಗೆ ಸೇರಿಸಿ, ಬೀಗವನ್ನು ಎರಡೆರಡು ಸಲ ಜಗ್ಗಿ ನೋಡಿ, ಆಮೇಲೆ ಪೈಪು ಹಿಡಿದು ಬೋನು ತೊಳೆಯುತ್ತಿದ್ದಳು. ಸಂಜೆ ಚೂಟಿ ಸೆಲ್ಯೂಟ್ ಹೊಡೆಸುವ ಹೊತ್ತಿಗೆ ಅವಳು ಹಿಂದಿನ ಅಡುಗೆಕೋಣೆಯಲ್ಲಿ ಗಂಜಿ ಬೇಯಿಸುತ್ತಿರುತ್ತಿದ್ದಳು.

ಅವತ್ತು ಚೂಟಿ ಒಳಗೆ ಬಂದಾಗ ಅಮ್ಮ ಒಂದು ಸೇಬನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅದರ ಮೇಲೆ ಹಲ್ಲು ಊರಿದ ಗುರುತು ಒಂದೇ ಒಂದಿತ್ತು.

"ಇವತ್ತೂ ಬಿಟ್ಟಿದಾನೆ. ಕ್ಯಾರೆಟ್ಟೂ ಹಾಗೇ ಬಿದ್ದಿದೆ. ಗಂಜಿ ಮಾತ್ರ ನೆಕ್ಕಿದಾನೆ," ಎಂದಳು ಅಮ್ಮ.

"ದಿನಾ ಅದೇ ಕೊಟ್ರೆ ಯಾರಿಗಾದ್ರೂ ಬೇಜಾರಾಗುತ್ತಮ್ಮ."

"ನಿನಗೂ ದಿನಾ ಅದೇ ಅಡುಗೆ ಹಾಕ್ತೀನಿ. ತಟ್ಟೆ ಸಮೇತ ತಿಂತೀಯಲ್ಲ."

"ನಾನೇನು ಸೆಲ್ಯೂಟ್ ಹೊಡೀತೀನಾ? ಕೆಲಸ ಮಾಡೋರಿಗೆ ಒಳ್ಳೇ ಊಟ ಬೇಕು."

ಅಮ್ಮ ನಗಲಿಲ್ಲ. "ಸಾಹೇಬರಿಗೆ ಮೂರು ತಿಂಗಳಿಂದ ಹೇಳ್ತಾ ಇದೀನಿ, ಇದರ ಮೈಯಲ್ಲಿ ಏನೋ ಸರಿಯಿಲ್ಲ, ಡಾಕ್ಟರಮ್ಮನ್ನ ಕರೆಸಿ ಅಂತ. ಅವರು ಏನಂತಾರೆ ಗೊತ್ತಾ? ಜನ ಅದರ ಸೆಲ್ಯೂಟ್ ನೋಡೋಕೇ ಬರ್ತಿದಾರೆ, ಅಷ್ಟು ಚೆನ್ನಾಗಿ ಆಟ ಆಡೋ ಪ್ರಾಣಿಗೆ ಕಾಯಿಲೆ ಅಂದ್ರೆ ಯಾರಮ್ಮ ನಂಬ್ತಾರೆ, ಅಂತಾರೆ."

ಇಡೀ ಮೃಗಾಲಯ ನೋಡಿಕೊಳ್ಳುವ ಸಾಹೇಬರೂ ತನ್ನ ಸೆಲ್ಯೂಟಿನ ಮಾತಾಡುತ್ತಾರೆ ಎಂದು ಚೂಟಿಗೆ ಖುಷಿಯಾಯಿತು. ಅಮ್ಮ ಹೇಳಿದ ಉಳಿದ ಮಾತು ಅವಳ ಕಿವಿಗೆ ಬೀಳಲೇ ಇಲ್ಲ.

ಆ ವಾರ ಶಾಲೆಯಲ್ಲಿ ಮಿಸ್ಸು, ಶುಕ್ರವಾರ ಇಡೀ ಕ್ಲಾಸು ಮೃಗಾಲಯಕ್ಕೆ ಹೋಗುತ್ತದೆ ಎಂದರು. ಎಲ್ಲರೂ ಚೂಟಿಯ ಕಡೆ ತಿರುಗಿದರು.

"ನಿಜವಾಗ್ಲೂ ಹೊಡೆಯುತ್ತೇನೇ ಸೆಲ್ಯೂಟ್? ಬುರುಡೆ ಬಿಡ್ತಾ ಇಲ್ಲ ತಾನೇ?" ಎಂದಳು ಅವಳ ಬೆಂಚಿನಲ್ಲೇ ಕೂರುವ ಉದ್ದಜಡೆ.

"ಬಂದು ನೋಡು. ಹೊಡೆಯದೇ ಇದ್ರೆ ನನ್ನ ಸ್ಕೆಚ್ ಪೆನ್ ಬಾಕ್ಸು ನಿಂದು."

ಗುರುವಾರ ಮಧ್ಯಾಹ್ನ ಆಟದ ಬೆಲ್ ಆಗಿತ್ತು. ನಾಳೆಗೆಂದು ಕೊಂಡಿದ್ದ ಪೆಪ್ಪರ್‌ಮೆಂಟುಗಳಲ್ಲಿ ಒಂದನ್ನು ಚೂಟಿ ಬಾಯಿಗೆ ಹಾಕಿಕೊಂಡಳು. ಚೀಪುವಷ್ಟು ತಾಳ್ಮೆ ಅವಳಿಗೆಲ್ಲಿಯದು, ಕಟಕ್ಕೆಂದು ಕಡಿದೇಬಿಟ್ಟಳು.

ಹಿಂದಿನ ದವಡೆಯಲ್ಲಿ ಒಂದು ಹಲ್ಲು ಕೆಲವು ದಿನಗಳಿಂದ ಜುಂ ಎನ್ನುತ್ತಿತ್ತು. ಪೆಪ್ಪರ್‌ಮೆಂಟಿನ ಚೂರು ನೇರ ಹೋಗಿ ಅದರ ತೂತಿನಲ್ಲಿ ಕೂತಿತು. ಕಾದ ಸೂಜಿ ಚುಚ್ಚಿದಂತಾಗಿ ಅವಳು ಎದ್ದು ನಿಂತಳು. ಕೈ ತಾನಾಗಿಯೇ ಮೇಲೆ ಹೋಗಿ ಕಿವಿಯ ಕೆಳಗೆ ಒತ್ತಿಕೊಂಡಿತು.

ಉದ್ದಜಡೆ ಕಿಸಕ್ಕನೆ ನಕ್ಕಳು. "ಏನೇ, ನಿನ್ನ ಕರಡಿ ಹತ್ರ ನೀನೇ ಟ್ರೈನಿಂಗ್ ತಗೊಂಡಿದೀಯಾ?"

ಚೂಟಿಗೆ ಬಾಯಿ ಬಿಡಲಾಗಲಿಲ್ಲ. ಸುತ್ತ ನಾಲ್ಕಾರು ಮಕ್ಕಳು ಸೇರಿದರು. "ಕ್ಯಾಪ್ಟನ್, ಸೆಲ್ಯೂಟ್. ಕ್ಯಾಪ್ಟನ್, ಸೆಲ್ಯೂಟ್," ಎಂದು ಹಾಡಿದಂತೆ ಹೇಳುತ್ತಾ ಚಪ್ಪಾಳೆ ಹಾಕಿದರು. ಅವರಿಗದು ಬರೀ ತಮಾಷೆ. ಕೈ ಇಳಿಸಿದರೆ ನೋವು ಇನ್ನೂ ಹೆಚ್ಚಾಗುತ್ತಿತ್ತು, ಹಾಗಾಗಿ ಚೂಟಿ ಇಳಿಸಲಿಲ್ಲ. ಇಳಿಸದಷ್ಟೂ ಚಪ್ಪಾಳೆ ಜೋರಾಯಿತು.

ಆ ಚಪ್ಪಾಳೆಯ ನಡುವೆ ನಿಂತಿದ್ದಾಗಲೇ ಅವಳಿಗೆ ಗೊತ್ತಾದದ್ದು. ಕ್ಯಾಪ್ಟನ್ ಕೈ ಎತ್ತುತ್ತಿದ್ದದ್ದೂ ಹೀಗೇ.

ಸಂಜೆ ಮನೆಗೆ ಬಂದವಳು ಚೀಲವನ್ನೂ ಇಳಿಸದೆ ಬೋನಿನ ಹತ್ತಿರ ಹೋದಳು. ಮೋಡ ಮುಚ್ಚಿಕೊಂಡಿದ್ದರಿಂದ ಜನ ಇರಲಿಲ್ಲ. ಕರಡಿ ಕಂಬಿಯನ್ನು ಬಾಯಲ್ಲಿ ಹಿಡಿದು ಕಡಿಯುತ್ತಿತ್ತು. ಕರ್, ಕರ್ ಎಂಬ ಆ ಸದ್ದು ಅವಳು ಹುಟ್ಟಿದಾಗಿನಿಂದ ಕೇಳುತ್ತಿದ್ದ ಸದ್ದು. ಇವತ್ತು ಹತ್ತಿರ ಹೋಗಿ ನೋಡಿದಳು. ಕಂಬಿಯ ಮೇಲಿನ ಜೊಲ್ಲು ಕೆಂಪಗಿತ್ತು.

ಅವಳನ್ನು ಕಂಡದ್ದೇ ಕರಡಿ ಕಂಬಿ ಬಿಟ್ಟಿತು. ಎದುರು ಬಂದು ಕೂತು ಅವಳ ಕೈಯನ್ನೇ ನೋಡಿತು, ಪೆಪ್ಪರ್‌ಮೆಂಟು ಬರುತ್ತದೇನೋ ಎಂದು. ಇಡೀ ದಿನದಲ್ಲಿ ಅದು ಕಾಯುವುದಕ್ಕೆ ಇದ್ದದ್ದು ಅದೊಂದೇ.

ಚೂಟಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅಮ್ಮನಿಗೆ ಹೇಳಬೇಕು ಎಂದುಕೊಂಡು ಅಡುಗೆಕೋಣೆಯ ಬಾಗಿಲವರೆಗೂ ಹೋದಳು. ಅಮ್ಮ ಕ್ಯಾರೆಟ್ ತುರಿಯುತ್ತಿದ್ದಳು, ಕರಡಿಗೆ ನುಂಗುವುದಕ್ಕಾದರೂ ಆಗಲಿ ಎಂದು. ಚೂಟಿ ಬಾಗಿಲಿಂದಲೇ ಹಿಂದಿರುಗಿದಳು. ಹಲ್ಲುನೋವೆಂದು ಬೇಗ ಮಲಗಿಬಿಟ್ಟಳು.

ಶುಕ್ರವಾರ ಇಡೀ ಕ್ಲಾಸು ಬಂತು. ಸಾಹೇಬರೂ ಇಸ್ತ್ರಿ ಶರ್ಟು ಹಾಕಿಕೊಂಡು ಬಂದು ಮಿಸ್ಸಿನ ಪಕ್ಕದಲ್ಲಿ ನಿಂತರು. ಅಮ್ಮ ಬಕೆಟ್ಟು ಹಿಡಿದು ಒಂದು ಮೂಲೆಯಲ್ಲಿದ್ದಳು.

"ಎಲ್ಲಿ, ಶುರು ಮಾಡು ಪುಟ್ಟಿ. ನಮ್ಮ ಕ್ಯಾಪ್ಟನ್ ಎಂಥವನು ಅಂತ ನಿಮ್ಮ ಮಿಸ್ಸೂ ನೋಡ್ಲಿ," ಎಂದರು ಸಾಹೇಬರು.

ಕರಡಿ ಆಗಲೇ ಎದುರಿಗೆ ಬಂದು ಕೂತಿತ್ತು. ಚೂಟಿಯ ಮುಷ್ಟಿಯಲ್ಲಿ ಪೆಪ್ಪರ್‌ಮೆಂಟು ಅಂಟಂಟಾಗಿತ್ತು.

"ಹೇಳೇ ಬೇಗ," ಎಂದಳು ಉದ್ದಜಡೆ.

"ಹೇಳಲ್ಲ."

"ಬುರುಡೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ತಾ, ಸ್ಕೆಚ್ ಪೆನ್."

"ಅದು ಸೆಲ್ಯೂಟ್ ಅಲ್ಲ," ಎಂದಳು ಚೂಟಿ. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದಳು. "ಸೆಲ್ಯೂಟ್ ಅಲ್ಲ ಸರ್. ಅದಕ್ಕೆ ಹಲ್ಲುನೋವು. ನಾನು ಪೆಪ್ಪರ್‌ಮೆಂಟು ಹಾಕ್ತಿದ್ದೆ. ಕಡಿದಾಗ ನೋವಾಗಿ ಕೆನ್ನೆ ಹಿಡ್ಕೊಳುತ್ತೆ. ನಾನು ಆಗ ಸೆಲ್ಯೂಟ್ ಅಂತಿದ್ದೆ, ಅಷ್ಟೇ."

ಮುಷ್ಟಿ ಬಿಚ್ಚಿ ತೋರಿಸಿದಳು. ಹಿಂದೆ ನಿಂತವರಲ್ಲಿ ಯಾರೋ ನಕ್ಕರು. ಯಾರೂ ಜೊತೆಗೂಡದಿದ್ದುದರಿಂದ ಆ ನಗು ಅಲ್ಲೇ ನಿಂತುಹೋಯಿತು.

ಸಾಹೇಬರು ಮಿಸ್ಸಿನ ಮುಖ ನೋಡಿದರು, ಮಿಸ್ಸು ಕರಡಿಯ ಮುಖ ನೋಡಿದರು. ಅಮ್ಮ ಮೂಲೆಯಿಂದ ಮುಂದೆ ಬಂದು ಬಕೆಟ್ಟಿನಿಂದ ಕರಡಿ ಅವತ್ತೂ ಕಚ್ಚಿ ಬಿಟ್ಟಿದ್ದ ಸೇಬನ್ನು ತೆಗೆದು ಸಾಹೇಬರಿಗೆ ಹಿಡಿದಳು.

ಸಾಹೇಬರು ಸೇಬನ್ನು ತೆಗೆದುಕೊಂಡರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು, "ಸೋಮವಾರ ಡಾಕ್ಟರಮ್ಮನಿಗೆ ಹೇಳಿ ಕಳಿಸ್ತೀನಿ," ಎಂದರು.

ಎಲ್ಲರೂ ಹೋದ ಮೇಲೆ ಅಮ್ಮ ಕೇಳಿದಳು. "ಎಷ್ಟು ದಿನದಿಂದ?"

"ಬೇಸಿಗೆ ರಜೆಯಿಂದ."

ಅಮ್ಮ ಬೈಯಲಿಲ್ಲ. ನಲ್ಲಿ ಬಿಟ್ಟು ಕೈ ತೊಳೆದಳು. ತುಂಬಾ ಹೊತ್ತು ತೊಳೆಯುತ್ತಲೇ ಇದ್ದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಚೂಟಿಗೆ.

ಸೋಮವಾರ ಡಾಕ್ಟರಮ್ಮ ಬಂದು, ಕರಡಿಗೆ ಮಂಪರು ಬರಿಸಿ, ಎರಡು ಗಂಟೆ ಕೆಲಸ ಮಾಡಿದರು. ಹೊರಗೆ ಬಂದಾಗ ಅವರ ಕೈಯಲ್ಲೊಂದು ತಟ್ಟೆಯಿತ್ತು. ತಟ್ಟೆಯಲ್ಲಿ ನಾಲ್ಕು ಹಲ್ಲು. ಚೂಟಿಯ ಬೆರಳಿಗಿಂತ ದಪ್ಪ, ತುದಿ ಮುರಿದು, ಒಳಗೆ ಇದ್ದಿಲಿನಂತೆ ಕಪ್ಪಾಗಿದ್ದವು.

"ಪೆಪ್ಪರ್‌ಮೆಂಟಿಂದ ಮುರೀತಾ?" ಎಂದು ಕೇಳಿದಳು ಚೂಟಿ.

"ನೀನೇನಾ ಆ ಹುಡುಗಿ?" ಡಾಕ್ಟರಮ್ಮ ಅವಳನ್ನೇ ನೋಡಿದರು. ಸುಳ್ಳು ಹೇಳುವ ಮುಖವಲ್ಲ ಅವರದು. "ಪೆಪ್ಪರ್‌ಮೆಂಟು ನೋವು ಕೊಟ್ಟಿದ್ದು ನಿಜ. ಆದ್ರೆ ಮುರಿದಿದ್ದು ಅದರಿಂದ ಅಲ್ಲ. ಕಂಬಿ ಕಡಿದೂ ಕಡಿದೂ ಮುರಿದಿರೋದು."

"ಯಾಕೆ ಕಡಿಯುತ್ತೆ?"

ಡಾಕ್ಟರಮ್ಮ ಬೋನಿನೊಳಗೆ ಒಮ್ಮೆ ಕಣ್ಣಾಡಿಸಿದರು. ಸಿಮೆಂಟಿನ ನೆಲ, ಸಿಮೆಂಟಿನ ನೀರಿನ ತೊಟ್ಟಿ, ಸಿಮೆಂಟಿನದೇ ಒಂದು ಮರದ ಬೊಡ್ಡೆ. "ಅಲ್ಲಿ ಮಾಡೋಕೆ ಇನ್ನೇನಿದೆ, ನೀನೇ ಹೇಳು," ಎಂದರು.

ಸಾಹೇಬರು ಕೆಮ್ಮಿದರು. "ದೊಡ್ಡ ಜಾಗ ಬೇಕು ಅಂತ ಮೇಲಿನವರಿಗೆ ಬರೆದಿದ್ದೀವಿ ಮೇಡಂ. ನಾನು ಈ ಕೆಲಸಕ್ಕೆ ಬರೋಕೆ ಮುಂಚೆಯಿಂದಲೂ ಬರೀತಾನೇ ಇದಾರೆ."

"ಹಲ್ಲು ಕೀಳೋದು ನಂಗೆ ಗೊತ್ತು ಸರ್," ಎಂದರು ಡಾಕ್ಟರಮ್ಮ, ಚೀಲ ಕಟ್ಟುತ್ತಾ. "ಕಂಬಿ ಕೀಳೋದು ಗೊತ್ತಿಲ್ಲ."

ಎರಡು ವಾರದಲ್ಲಿ ಕರಡಿಯ ಬಾಯಿಯ ಗಾಯ ಮಾಗಿತು. ಅಮ್ಮ ಹೋಳು ಮಾಡಿ ಕೊಟ್ಟ ಸೇಬನ್ನು ತಿಂದಿತು. ಕೈ ಮಾತ್ರ ಒಮ್ಮೆಯೂ ಮೇಲೆತ್ತಲಿಲ್ಲ. ಸೆಲ್ಯೂಟಿಗೆಂದು ಬಂದವರು ಕೂಗಿ ಕೂಗಿ ಸಾಕಾಗಿ, "ಇದಕ್ಕೆ ವಯಸ್ಸಾಯ್ತು ಬಿಡು," ಎಂದು ಕೋತಿಗಳ ಕಡೆ ನಡೆದರು. ಸ್ಕೆಚ್ ಪೆನ್ ಬಾಕ್ಸನ್ನು ಚೂಟಿ ತಾನಾಗಿಯೇ ಉದ್ದಜಡೆಗೆ ಕೊಟ್ಟಳು. ಅವಳು ತಗೊಳ್ಳಲೋ ಬೇಡವೋ ಎನ್ನುತ್ತಾ ತಗೊಂಡಳು. ಮಾರನೇ ದಿನ ಕೆಂಪು, ಹಸಿರು ಎರಡನ್ನು ವಾಪಸ್ಸು ಬೆಂಚಿನ ಮೇಲಿಟ್ಟಳು.

ಒಂದು ಸಂಜೆ ಚೂಟಿ ಕಟಕಟೆಯ ಹತ್ತಿರ ನಿಂತಿದ್ದಳು. ಕರಡಿ ಒಂಬತ್ತು ಹೆಜ್ಜೆ ನಡೆಯಿತು, ತಿರುಗಿ ಒಂಬತ್ತು ಹೆಜ್ಜೆ ನಡೆಯಿತು. ಆಮೇಲೆ ಮುಂದೆ ಬಂದು ಅದೇ ಕಂಬಿಯನ್ನು ಬಾಯೊಳಗೆ ತೆಗೆದುಕೊಂಡಿತು. ಕಡಿಯುವ ಹಾಗೆ ದವಡೆ ಆಡಿಸಿತು. ಸದ್ದು ಬರಲಿಲ್ಲ.

ಕರ್, ಕರ್ ಇಲ್ಲದ ಆ ಕಡಿತವನ್ನು ಚೂಟಿ ಬಹಳ ಹೊತ್ತು ನೋಡಿದಳು.

ಅಮ್ಮ ಉದುರಿದ ಎಲೆಗಳನ್ನು ಗುಡ್ಡೆಯಾಗಿ ತುಂಬಿಕೊಂಡು ಕೈಗಾಡಿ ತಳ್ಳುತ್ತಾ ಬಂದಳು. ದಿನಾ ಅದನ್ನು ಹಿಂದಿನ ಗುಂಡಿಗೆ ಸುರಿದು ಸುಡುತ್ತಿದ್ದರು.

"ಅಮ್ಮ, ಇದನ್ನ ಸುಡಬೇಡ. ಒಳಗೆ ಹಾಕೋಣ."

"ಒಳಗಾ? ಸಾಹೇಬರು ನೋಡಿದ್ರೆ ಬೋನು ಗುಡಿಸಿಲ್ಲ ಅಂತ ನಂಗೇ ಬೈತಾರೆ."

"ನಾಳೆ ಬೆಳಿಗ್ಗೆ ನಾನೇ ಗುಡಿಸಿ ಸ್ಕೂಲಿಗೆ ಹೋಗ್ತೀನಿ. ಸೇಬಿನ ಹೋಳನ್ನ ಎಲೆ ಕೆಳಗೆ ಇಡೋಣ. ಹುಡುಕಲಿ."

ಅಮ್ಮ ಒಂದು ಸೇಬನ್ನು ಹೋಳು ಮಾಡಿ ತಂದಳು. ಆಮೇಲೆ ಗಾಡಿಯನ್ನು ಹಿಂಬಾಗಿಲ ಕಡೆ ತಿರುಗಿಸಿದಳು. ಸರಪಳಿ ಎಳೆದು, ಕರಡಿಯನ್ನು ಸಣ್ಣ ಕೋಣೆಗೆ ಸೇರಿಸಿ, ಬೀಗ ಎರಡು ಸಲ ಜಗ್ಗಿ, ಎಲೆಗಳನ್ನು ಸುರಿದು, ಅದರಡಿ ಸೇಬಿನ ಹೋಳುಗಳನ್ನು ಅಡಗಿಸಿ, ಹೊರಗೆ ಬಂದು ಕರಡಿಯನ್ನು ಬಿಟ್ಟಳು.

ಕರಡಿ ಒಳಗೆ ಬಂದು ಎಲೆಯ ಮೇಲೆ ಕಾಲಿಟ್ಟಿತು. ಚರಚರ ಎಂದದ್ದಕ್ಕೆ ಬೆಚ್ಚಿ ಕಾಲು ಹಿಂದೆ ತೆಗೆದುಕೊಂಡಿತು. ಮೂಸಿತು. ಇನ್ನೊಮ್ಮೆ ಕಾಲಿಟ್ಟಿತು. ಆಮೇಲೆ ಉಗುರು ಹಾಕಿ ಕೆದಕತೊಡಗಿತು. ಸೇಬಿನ ಹೋಳೆಲ್ಲ ಮುಗಿದ ಮೇಲೂ ಕೆದಕುತ್ತಲೇ ಇತ್ತು. ಎಲೆಯನ್ನು ಆ ಮೂಲೆಗೆ ದೂಡಿತು, ಈ ಮೂಲೆಗೆ ದೂಡಿತು, ಅದರೊಳಗೆ ಮೂತಿ ಹುದುಗಿಸಿ ಉಸಿರು ಬಿಟ್ಟಿತು.

ಆಮೇಲೆ ಎದ್ದು ಬಂದು ಕಂಬಿಗೆ ಬಾಯಿ ಹಾಕಿತು.

ಅಮ್ಮ ನಿಟ್ಟುಸಿರಿಟ್ಟಳು. ಚೂಟಿ ಗೇಟಿನ ಮೇಲಿನ ಗಡಿಯಾರ ನೋಡಿದಳು.

"ಇಪ್ಪತ್ತೈದು ನಿಮಿಷ ಕಂಬಿ ಮುಟ್ಟಲಿಲ್ಲಮ್ಮ," ಎಂದಳು. "ಕೋತಿ ಬೋನಿನ ಹಿಂದೆ ಇನ್ನೂ ಎಲೆ ಬಿದ್ದಿದೆ."

ಕೈಗಾಡಿಯನ್ನು ತಾನೇ ತಳ್ಳಿಕೊಂಡು ಆ ಕಡೆ ನಡೆದಳು.