ಬುಟ್ಟಿಗೆ ಕೈ ಹಚ್ಚಿದವರು

“ಬುರುಡೆ! ಶುದ್ಧ ಬುರುಡೆ!” ಆರ್ಯಾ ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದಳು. “ಕೇಳಿದ್ರಾ ಎಲ್ಲರೂ? ಇಂಡಿಯಾ ಕ್ಯಾಪ್ಟನ್ ವೃಂದಾ ರಾವುತ್ ಈ ಜುಯಿಯ ಅಜ್ಜಿಯ ಮೀನಿನ ಬುಟ್ಟಿ ಮೇಲೆ ಕೂತ್ಕೊಂಡು ಪ್ರಾಕ್ಟೀಸಿಗೆ ಹೋಗ್ತಿದ್ರಂತೆ!”

ಐದನೇ ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು.

“ಬುಟ್ಟಿ ಮುರೀಲಿಲ್ವಾ?” ಹಿಂದಿನ ಬೆಂಚಿನಿಂದ ಕೇದಾರ್ ಕೇಳಿದ.

“ಕೂತಲ್ಲಿಂದಾನೇ ಸಿಕ್ಸರ್ ಹೊಡೀತಿದ್ರಾ? ಮೀನು ಸಮೇತ?” ಅಂದಳು ಇನ್ನೊಬ್ಬಳು.

ಜುಯಿಯ ಕಿವಿ ಬಿಸಿಯಾಯಿತು. “ಬುರುಡೆ ಅಲ್ಲ. ನಿಜ. ಬೇಕಾದ್ರೆ ಅಜ್ಜೀನೇ ಕೇಳಿ.”

ಜುಯಿ ಹೀಗೆ ಹೇಳಿದ್ದರಲ್ಲಿ ಅಂಥ ವಿಶೇಷವೇನೂ ಇರಲಿಲ್ಲ ಬಿಡಿ. ವೃಂದಾ ರಾವುತ್ ಇದೇ ವಿರಾರಿನ ಹುಡುಗಿ. ಹೋದ ವರ್ಷ ಅವಳು ವಿಶ್ವಕಪ್ ಎತ್ತಿದ ಮೇಲೆ, ಅವಳಿಗೆ ಒಂದಲ್ಲ ಒಂದು ಉಪಕಾರ ಮಾಡದವರೇ ಊರಿನಲ್ಲಿ ಇರಲಿಲ್ಲ. ಸ್ಟೇಷನ್ ಎದುರಿನ ವಡಾಪಾವ್‌ನವನು, “ನನ್ನ ಚಟ್ನಿ ತಿಂದೇ ಅವಳಿಗೆ ಅಷ್ಟು ಖಾರ ಬಂದಿದ್ದು” ಅನ್ನುತ್ತಿದ್ದ. ಸೈಕಲ್ ರಿಪೇರಿಯವನಂತೂ ಅವಳ ಕವರ್ ಡ್ರೈವ್ ತಿದ್ದಿದ್ದು ತಾನೇ ಅಂತ ಸಾಧಿಸುತ್ತಿದ್ದ. ಅಂಥದ್ದರಲ್ಲಿ ಜುಯಿಯೂ ಒಂದು ಮಾತು ಸೇರಿಸಿದರೆ ತಪ್ಪೇನು?

ತಪ್ಪಾದದ್ದು ಇಷ್ಟೇ. ಆ ಶನಿವಾರ ವೃಂದಾ ಅವರ ಶಾಲೆಗೇ ಬರುವವಳಿದ್ದಳು. ಹುಡುಗಿಯರಿಗೆ ಕ್ರಿಕೆಟ್ ಆಡಲು ಹೊಸ ನೆಟ್ ಹಾಕಿಸಿದ್ದರು, ಅದರ ಉದ್ಘಾಟನೆಗೆ.

“ಸರಿ ಹಾಗಾದ್ರೆ,” ಆರ್ಯಾ ಸೊಂಟದ ಮೇಲೆ ಕೈಯಿಟ್ಟಳು. “ಶನಿವಾರ ನಿನ್ನ ಅಜ್ಜಿಯನ್ನ ಕರ್ಕೊಂಡು ಬಾ. ವೃಂದಾ ಅಕ್ಕ ಗುರುತು ಹಿಡೀತಾರಾ ನೋಡೇಬಿಡೋಣ. ಹಿಡೀಲಿಲ್ಲಾಂದ್ರೆ ಇನ್ಮೇಲೆ ನಿನ್ನ ಹೆಸರು ಬುರುಡೆ ಜುಯಿ. ಹತ್ತನೇ ಕ್ಲಾಸಿನವರೆಗೂ!”

“ಕರ್ಕೊಂಡು ಬರ್ತೀನಿ!” ಅಂದುಬಿಟ್ಟಳು ಜುಯಿ.

ಸಂಜೆ ಬಸ್ ಸ್ಟಾಪಿಗೆ ಬರುವಾಗಲೂ ಅವಳ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಸ್ಟಾಪಿನ ಕಟ್ಟೆಯ ಬಳಿ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿಕೊಂಡು ನಿಂತಿದ್ದಳು. ತಲೆಯ ಮೇಲೆ ಸಿಂಬೆ ಇಟ್ಟುಕೊಂಡು, “ಏ ಪೋರಿ, ಸ್ವಲ್ಪ ಕೈ ಹಚ್ಚೇ,” ಅಂದಳು. ತುಂಬಿದ ಬುಟ್ಟಿಯನ್ನು ತಾನೇ ತಲೆಗೆ ಏರಿಸಿಕೊಳ್ಳಲು ಯಾರಿಗೂ ಆಗುವುದಿಲ್ಲ. ಎದುರಿನಿಂದ ಇನ್ನೊಬ್ಬರು ಎತ್ತಲೇಬೇಕು.

ಜುಯಿ ಕೇಳಿಸದವಳ ಹಾಗೆ ಶೂ ಲೇಸ್ ಕಟ್ಟಲು ಬಗ್ಗಿದಳು. ಒಮ್ಮೆ ಹೀಗೇ ಕೈ ಹಚ್ಚಲು ಹೋಗಿ ಮೀನಿನ ನೀರು ಯೂನಿಫಾರ್ಮ್ ಮೇಲೆ ಸುರಿದಿತ್ತು. ಮಾರನೇ ದಿನ ಆರ್ಯಾ ಮಧ್ಯಾಹ್ನದವರೆಗೂ ಮೂಗು ಮುಚ್ಚಿಕೊಂಡು ಕೂತಿದ್ದಳು. ಆ ಅವಮಾನ ಜುಯಿ ಮರೆತಿರಲಿಲ್ಲ. ಕೊನೆಗೆ ಬಸ್ ಕಂಡಕ್ಟರೇ ಇಳಿದು ಬಂದು ಬುಟ್ಟಿ ಎತ್ತಿಸಿದ.

ಅರ್ನಾಳಾ ಊರಿನ ಅವರ ಮನೆಯಂಗಳದಲ್ಲಿ ಅಜ್ಜಿ ಚಾಂಗುಣಾಬಾಯಿ ಬೊಂಬಿಲ್ ಮೀನನ್ನು ಹಗ್ಗಕ್ಕೆ ಸಿಕ್ಕಿಸಿ ಒಣಹಾಕುತ್ತಿದ್ದಳು.

“ಅಜ್ಜಿ, ಶನಿವಾರ ನೀನು ನಮ್ಮ ಸ್ಕೂಲಿಗೆ ಬರ್ಲೇಬೇಕು.”

“ಯಾಕೆ? ಯಾರ ಹಲ್ಲು ಮುರಿದೆ?”

“ಯಾರದ್ದೂ ಇಲ್ಲ. ವೃಂದಾ ರಾವುತ್ ಬರ್ತಾರೆ. ಅವರು ನಿನ್ನ ಬುಟ್ಟಿ ಮೇಲೆ ಕೂತ್ಕೊಂಡು ಹೋಗ್ತಿದ್ರಲ್ಲ, ಅದನ್ನ ನೀನು ಎಲ್ಲರ ಮುಂದೆ ಹೇಳಬೇಕು.”

ಅಜ್ಜಿಯ ಕೈ ಹಗ್ಗದ ಮೇಲೇ ನಿಂತಿತು. “ನನ್ನ ಬುಟ್ಟಿ ಮೇಲಾ? ನಾನು ಯಾವಾಗ ಹಾಗೆ ಹೇಳಿದೆ?”

“ಹೇಳಿದ್ದೀಯ! ಫೈನಲ್ ದಿನ, ಟೀವಿ ನೋಡ್ತಾ.”

“ಅಯ್ಯೋ ಹುಚ್ಚಿ! ಇಂಥ ಹುಡುಗೀರು ನಮ್ಮ ಟ್ರೈನಿನ ಡಬ್ಬಿಯಲ್ಲಿ ಬರ್ತಿದ್ದರು ಅಂದೆ. ಅಷ್ಟುದ್ದದ ಬ್ಯಾಗು ತಗೊಂಡು, ಬೆಳಗಾಗೋ ಮುಂಚೆ. ಲೇಡೀಸ್ ಡಬ್ಬಿಯವರು ಬ್ಯಾಗು ನೋಡಿ ಹತ್ತಿಸ್ಕೊಳ್ತಿರಲಿಲ್ಲ. ನಮ್ಮ ಲಗೇಜ್ ಡಬ್ಬಿಗೆ ಓಡಿ ಬರೋವು ಪಾಪ. ಬಂದು ಕೂತ ತಕ್ಷಣ ನಿದ್ದೆ. ದಾದರ್ ಸ್ಟೇಷನ್ ಬಂದಾಗ ಕೆನ್ನೆ ತಟ್ಟಿ ಎಬ್ಬಿಸ್ತಿದ್ವಿ. ಅದರಲ್ಲಿ ವೃಂದಾನೂ ಇದ್ದಿರಬಹುದು. ಇಲ್ಲದೇನೂ ಇರಬಹುದು.”

ಜುಯಿಗೆ ಅಳುವೇ ಬಂತು. ಬುಟ್ಟಿಯ ಮಾತು ತಾನೇ ಸೇರಿಸಿದ್ದು ಅಂತ ಈಗ ಅವಳಿಗೂ ನೆನಪಾಯಿತು. “ಒಬ್ಬರ ಹೆಸರೂ ಕೇಳ್ಲಿಲ್ವಾ ನೀನು?”

“ಹೆಸರು ಕೇಳಿ ಯಾರಾದ್ರೂ ಬುಟ್ಟಿ ಎತ್ತಿಸ್ತಾರಾ? ಇಷ್ಟು ವರ್ಷ ನನ್ನ ಬುಟ್ಟಿಗೆ ಕೈ ಹಚ್ಚಿದವರ ಹೆಸರು ನನಗೇನು ಗೊತ್ತು? ಒಂದ್ಸಲ ಪೊಲೀಸ್. ಒಂದ್ಸಲ ಕಾಲೇಜು ಹುಡುಗಿ. ಒಂದ್ಸಲ ಕೋಟು ಹಾಕ್ಕೊಂಡ ಸಾಹೇಬ, ಪಾಪ, ಆ ಕೋಟಿನ ಗತಿ ಏನಾಯ್ತೋ! ಅವರೆಲ್ಲ ಎತ್ತಿಸಿದ್ದಕ್ಕೇ ಅಲ್ವಾ ನಿಮ್ಮಪ್ಪ ಓದಿದ್ದು, ನೀನು ಓದ್ತಿರೋದು? ಎಲ್ಲರೂ ತಣ್ಣಗಿರಲಿ.”

ಜುಯಿಗೆ ಕೋಟಿನ ಸಾಹೇಬ ಬೇಕಿರಲಿಲ್ಲ. “ನೀನು ಬಂದು ಸುಮ್ನೆ ‘ಹೌದು’ ಅನ್ನು ಅಜ್ಜಿ. ಒಂದೇ ಒಂದ್ಸಲ. ಇಲ್ಲಾಂದ್ರೆ ಎಲ್ಲರೂ ನನ್ನನ್ನ ಬುರುಡೆ ಜುಯಿ ಅಂತಾರೆ.”

“ಚೆನ್ನಾಗಿದೆ! ಸುಳ್ಳು ಹೇಳೋಕೆ ಮಾರ್ಕೆಟ್ಟಿಗೆ ರಜಾ ಹಾಕಲಾ?” ಅಜ್ಜಿ ಮತ್ತೆ ಮೀನಿಗೆ ಕೈ ಹಾಕಿದಳು. ಜುಯಿ ಆ ರಾತ್ರಿ ಊಟಕ್ಕೆ ಕೂತರೂ ಭಾಕರಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಳು. ಅಜ್ಜಿ ಅದನ್ನು ನೋಡಿದಳು.

ಶನಿವಾರ ಬಂದೇ ಬಂತು. ಶಾಲೆಯ ಮೈದಾನದಲ್ಲಿ ಜಮಖಾನೆ ಹಾಸಿ ಮಕ್ಕಳನ್ನು ಕೂರಿಸಿದ್ದರು. ವೃಂದಾ ಟೀವಿಯಲ್ಲಿ ಕಾಣುವುದಕ್ಕಿಂತ ಕುಳ್ಳಗಿದ್ದಳು. ಅದು ಎಲ್ಲರಿಗೂ ಮೊದಲು ಆಶ್ಚರ್ಯ, ಆಮೇಲೆ ಒಂಥರಾ ಖುಷಿ. ಹೂಮಾಲೆ ತೆಗೆದು ಕುರ್ಚಿಗೆ ಹಾಕಿ ಅವಳು ಮಕ್ಕಳ ಎದುರಿಗೆ ಬಂದು ನಿಂತಳು.

“ನನ್ನ ಮೊದಲನೇ ಇಂಟರ್‌ನ್ಯಾಷನಲ್ ಮ್ಯಾಚಿನಲ್ಲಿ ಎಷ್ಟು ರನ್ ಹೊಡೆದೆ ಗೊತ್ತಾ?”

“ಸೆಂಚುರಿ!” ಕೇದಾರ್ ಕೂಗಿದ.

“ಸೊನ್ನೆ. ಎರಡನೇದರಲ್ಲೂ ಸೊನ್ನೆ. ಟೀಮಿನಿಂದ ತೆಗೆದುಹಾಕಿದ್ರು. ಮನೆಗೆ ಬಂದು ಬ್ಯಾಟನ್ನ ಅಟ್ಟಕ್ಕೆ ಎಸೆದೆ. ಅಮ್ಮ ಮಾರನೇ ದಿನ ಅದನ್ನ ಇಳಿಸಿ ಒರೆಸಿಟ್ಟಿದ್ಲು.” ಆಮೇಲೆ ಮತ್ತೆ ಟೀಮಿಗೆ ಸೇರಿದ್ದು, ಕ್ಯಾಪ್ಟನ್ ಮಾಡಿದಾಗ ಹೆದರಿ ಜ್ವರ ಬಂದದ್ದು, ಫೈನಲ್ಲಿನ ಕೊನೇ ಓವರಿನಲ್ಲಿ ಯಾರಿಗೆ ಬಾಲ್ ಕೊಡಬೇಕೆಂದು ತಿಳಿಯದೆ ಒದ್ದಾಡಿದ್ದು, ಎಲ್ಲವನ್ನೂ ಅವಳು ಹೇಳಿದಳು. ಟೀಚರುಗಳೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

“ನನಗೆ ಕಲಿಸಿದ ಕೋಚ್‌ಗೆ ಥ್ಯಾಂಕ್ಸ್ ಹೇಳಿದ್ದೀನಿ. ಅಪ್ಪ ಅಮ್ಮನಿಗೂ ಹೇಳಿದ್ದೀನಿ. ಆದರೆ ಒಬ್ಬರಿಗೆ ಹೇಳೋದು ಬಾಕಿ ಉಳಿದಿದೆ.” ವೃಂದಾ ಸ್ಟೇಷನ್ ಕಡೆ ಕೈ ತೋರಿಸಿದಳು. “ಚಿಕ್ಕವಳಿದ್ದಾಗ ಇಲ್ಲಿಂದ ದಾದರ್‌ಗೆ ಪ್ರಾಕ್ಟೀಸಿಗೆ ಹೋಗ್ತಿದ್ದೆ. ಮೊದಲ ದಿನ ಲೇಡೀಸ್ ಡಬ್ಬಿಯಲ್ಲಿ, ‘ಇದೇನು, ಹೆಣ ಹೊತ್ಕೊಂಡು ಬಂದಿದ್ದೀಯಾ? ಇಳಿ ಇಳಿ’ ಅಂತ ಬೈದು ಇಳಿಸಿದ್ರು. ಅಷ್ಟು ದೊಡ್ಡ ಕಿಟ್ ಬ್ಯಾಗು ನನ್ನದು. ಟ್ರೈನು ಹೊರಡೋಕೆ ಶುರುವಾಯ್ತು. ನಾನು ಅಳ್ತಾ ನಿಂತಿದ್ದೆ. ಅಷ್ಟರಲ್ಲಿ ಲಗೇಜ್ ಡಬ್ಬಿಯಿಂದ ಒಂದು ಕೈ ಹೊರಗೆ ಬಂತು. ಬ್ಯಾಗನ್ನೂ ನನ್ನನ್ನೂ ಒಟ್ಟಿಗೇ ಒಳಗೆ ಎಳ್ಕೊಂಡುಬಿಡ್ತು.”

“ಯಾರ ಕೈ ಅಕ್ಕ?”

“ಗೊತ್ತಿಲ್ಲಪ್ಪ. ಮೀನಿನ ವಾಸನೆ ಇತ್ತು, ಬಳೆ ಇತ್ತು, ಅಷ್ಟೇ ನೆನಪು. ಅವತ್ತು ಆ ಕೈ ಇಲ್ಲದಿದ್ರೆ ನಾನು ಮನೆಗೆ ವಾಪಸ್ ಹೋಗಿ ಇನ್ನು ಕ್ರಿಕೆಟ್ ಬೇಡ ಅಂತಿದ್ದೆ. ಕಪ್ ಎತ್ತಿದಾಗ ಆ ಕೈ ತುಂಬಾ ನೆನಪಾಯ್ತು. ಆದರೆ ಯಾರಿಗೆ ಅಂತ ಥ್ಯಾಂಕ್ಸ್ ಹೇಳಲಿ?”

ಐದನೇ ಕ್ಲಾಸಿನವರೆಲ್ಲ ಒಟ್ಟಿಗೇ ಜುಯಿಯ ಕಡೆ ತಿರುಗಿದರು. “ಎದ್ದು ಹೇಳೇ!” ಆರ್ಯಾ ಮೊಣಕೈಯಿಂದ ತಿವಿದಳು.

ಜುಯಿ ಎದ್ದಳು. ಆ ಕೈ ನನ್ನ ಅಜ್ಜಿಯದೇ ಅಂದುಬಿಟ್ಟರೆ ಯಾರು ತಾನೇ ಇಲ್ಲ ಅನ್ನುತ್ತಿದ್ದರು? ಆಗಲೇ ಅವಳಿಗೆ ಗೇಟಿನ ಬಳಿ ಬಾದಾಮಿ ಮರದ ಕೆಳಗೆ ಹಸಿರು ಸೀರೆಯೊಂದು ಕಾಣಿಸಿತು. ಪಕ್ಕದಲ್ಲಿ ತುಂಬಿದ ಬುಟ್ಟಿ. ಅಜ್ಜಿ ಬಂದಿದ್ದಳು! ಮಾರ್ಕೆಟ್ಟಿನ ಟ್ರೈನು ಬಿಟ್ಟು ಬಂದಿದ್ದಳು!

“ಅಕ್ಕ, ನನ್ನ ಅಜ್ಜಿ ದಿನಾ ಅದೇ ಡಬ್ಬಿಯಲ್ಲಿ ಹೋಗ್ತಾಳೆ,” ಅಂದಳು ಜುಯಿ. ಅಷ್ಟು ಮಾತ್ರ ನಿಜವಾಗಿತ್ತು. “ಅಲ್ಲಿದ್ದಾಳೆ ನೋಡಿ.”

ವೃಂದಾ ಓಡುವುದೊಂದು ಬಾಕಿ, ಅಷ್ಟು ಬೇಗ ಮರದ ಹತ್ತಿರ ಹೋದಳು. ಮಕ್ಕಳೂ ದಬದಬ ಹಿಂದೆ ಬಂದರು. “ಅಜ್ಜಿ, ನನ್ನನ್ನ ಒಳಗೆ ಎಳ್ಕೊಂಡವರು ನೀವೇನಾ?”

ಅಜ್ಜಿ ವೃಂದಾಳ ಮುಖ ನೋಡಿದಳು. ಆಮೇಲೆ ಜುಯಿಯ ಮುಖ ನೋಡಿದಳು.

“ನನಗೆ ನೆನಪಿಲ್ಲ ಮಗಳೇ,” ಅಂದಳು ಅಜ್ಜಿ. “ತುಂಬ ಮಕ್ಕಳು ಬರ್ತಿದ್ದರು. ನಾನು ಎಳ್ಕೊಂಡಿರಬಹುದು, ನನ್ನ ಜೊತೆ ಮೀನು ಮಾರ್ತಿದ್ದ ಹೌಸಾ ಎಳ್ಕೊಂಡಿರಬಹುದು. ಅವಳು ಈಗಿಲ್ಲ. ಬಾಗಿಲಲ್ಲಿ ಯಾರಿರ್ತಾರೋ ಅವರು ಎಳ್ಕೊಳ್ಳೋದು.”

ಹಿಂದಿನಿಂದ ಯಾರೋ ಮೆಲ್ಲಗೆ “ಬುರುಡೆ” ಅಂದರು. ಜುಯಿ ತಲೆ ತಗ್ಗಿಸಿದಳು.

“ನನ್ನ ಮೊಮ್ಮಗಳು ನನ್ನ ಮೇಲಿನ ಪ್ರೀತಿಗೆ ಒಂದು ಮಾತು ಜಾಸ್ತಿ ಹೇಳಿದ್ದಾಳೆ, ಬೇಜಾರು ಮಾಡ್ಕೋಬೇಡ,” ಅಂದಳು ಅಜ್ಜಿ. “ಇನ್ನೊಂದು ಟ್ರೈನೂ ತಪ್ಪಿದ್ರೆ ಮೀನು ಕೆಡುತ್ತೆ. ಯಾರಾದ್ರೂ ಸ್ವಲ್ಪ ಕೈ ಹಚ್ಚಿ.”

ಹೆಡ್‌ಮಿಸ್ ಗಾಬರಿಯಾಗಿ ಪ್ಯೂನನನ್ನು ಕರೆಯುವಷ್ಟರಲ್ಲಿ ವೃಂದಾ ಬುಟ್ಟಿಯೆದುರು ಕುಕ್ಕರುಗಾಲಿನಲ್ಲಿ ಕೂತಾಗಿತ್ತು. ಒಂದು ಕೈ ಅಂಚಿಗೆ, ಇನ್ನೊಂದು ಕೈ ತಳಕ್ಕೆ. “ಹ್ಞಾಂ, ಏಳಲಿ!” ಅಂದಳು. ಬುಟ್ಟಿ ಸಲೀಸಾಗಿ ಮೇಲೆದ್ದು ಸಿಂಬೆಯ ಮೇಲೆ ಕೂತಿತು. ಅವಳ ಬಿಳೀ ಜೆರ್ಸಿಯ ತೋಳಿನ ಮೇಲೆ ಮೀನಿನ ನೀರು ಧಾರೆಯಾಗಿ ಇಳಿಯಿತು. ಅವಳು ಅದನ್ನು ನೋಡಲೂ ಇಲ್ಲ. ಬುಟ್ಟಿಯ ಪಕ್ಕಕ್ಕೆ ಅಂಗೈಯಿಂದ ಟಪ್ ಟಪ್ ಎಂದು ಎರಡು ಸಲ ತಟ್ಟಿದಳು.

ಅಜ್ಜಿ ಹೊರಟವಳು ನಿಂತಳು. ಬುಟ್ಟಿ ಸರಿಯಾಗಿ ಕೂತಿದೆ, ನೀನಿನ್ನು ನಡೆ ಅಂತ ಹೇಳುವುದು ಹಾಗೆ ತಟ್ಟಿಯೇ. ತಲೆಯ ಮೇಲೆ ಭಾರವಿದ್ದಾಗ ಮೇಲೆ ನೋಡಲಾಗುವುದಿಲ್ಲವಲ್ಲ. ಇದು ಅವರ ಡಬ್ಬಿಯವರಿಗೆ ಬಿಟ್ಟರೆ ಬೇರೆ ಯಾರಿಗೆ ಗೊತ್ತಿರುತ್ತದೆ?

“ಇದನ್ನ ಯಾರು ಕಲಿಸಿದ್ರೇ ನಿನಗೆ?”

“ಡಬ್ಬಿಯಲ್ಲೇ ಕಲಿತಿದ್ದು ಅಜ್ಜಿ. ದಾದರ್‌ನಲ್ಲಿ ಎಲ್ಲರ ಬುಟ್ಟಿ ಎತ್ತಿಸದೆ ನನ್ನನ್ನ ಇಳಿಯೋಕೇ ಬಿಡ್ತಿರಲಿಲ್ಲ!”

ಅಜ್ಜಿ ಬುಟ್ಟಿ ಅಲುಗಾಡುವಷ್ಟು ನಕ್ಕಳು. “ಹಾಗಾದ್ರೆ ನೀನು ನಮ್ಮವಳೇ ಬಿಡು!” ಅನ್ನುತ್ತ ಒದ್ದೆ ಕೈಯನ್ನು ವೃಂದಾಳ ಕೆನ್ನೆಗೆ ಒತ್ತಿದಳು. ಜುಯಿಯನ್ನು ದಿನಾ ಬೆಳಿಗ್ಗೆ ಕೆನ್ನೆ ತಟ್ಟಿ ಎಬ್ಬಿಸುವುದೂ ಆ ತಣ್ಣನೆಯ ಕೈಯೇ. ವೃಂದಾ ಕಣ್ಣು ಮುಚ್ಚಿಕೊಂಡಳು. ಅವಳ ರೆಪ್ಪೆ ಒದ್ದೆಯಾಯಿತು.

“ಥ್ಯಾಂಕ್ಸ್ ಅಜ್ಜಿ.”

“ನನಗ್ಯಾಕೆ? ನಾನು ಹೌದೋ ಅಲ್ವೋ.”

“ಯಾರಿಗಾದ್ರೂ ಹೇಳಬೇಕಲ್ಲ. ಉಳಿದವರಿಗೆ ನೀವೇ ತಲುಪಿಸಿ.”

“ಆಗಲಿ. ನಾಳೆ ಡಬ್ಬಿಯಲ್ಲಿ ಹೇಳ್ತೀನಿ,” ಅಂದಳು ಅಜ್ಜಿ. ಮತ್ತೆ ಬುಟ್ಟಿ ತೂಗುತ್ತಾ ಸ್ಟೇಷನ್ ಕಡೆಗೆ ಬಿರಬಿರನೆ ನಡೆದುಬಿಟ್ಟಳು.

ಸಂಜೆ ಆರ್ಯಾ ಬಸ್ ಸ್ಟಾಪಿನವರೆಗೂ ಬೆನ್ನು ಹತ್ತಿ ಬಂದಳು. “ಸರಿಯಾಗಿ ಹೇಳೇ. ವೃಂದಾ ಅಕ್ಕನ್ನ ಎಳ್ಕೊಂಡಿದ್ದು ನಿನ್ನ ಅಜ್ಜಿನಾ, ಅಲ್ವಾ?”

“ಗೊತ್ತಿಲ್ಲ. ಬುಟ್ಟಿ ಮೇಲೆ ಕೂತಿದ್ದು ಮಾತ್ರ ನಾನು ಸೇರಿಸಿದ್ದು.”

“ಅಂದ್ರೆ ಬುರುಡೆ!”

“ಅರ್ಧ ಬುರುಡೆ,” ಅಂದಳು ಜುಯಿ. ಆರ್ಯಾಗೆ ನಗು ತಡೆಯಲಾಗಲಿಲ್ಲ. ಜುಯಿಗೂ ಆಗಲಿಲ್ಲ.

ಕಟ್ಟೆಯ ಬಳಿ ಅದೇ ಹೆಂಗಸು ಸಿಂಬೆ ಸರಿಮಾಡಿಕೊಳ್ಳುತ್ತ ಅತ್ತಿತ್ತ ನೋಡುತ್ತಿದ್ದಳು. ಅವಳು ಕರೆಯುವ ಮೊದಲೇ ಜುಯಿ ಸ್ಕೂಲ್ ಬ್ಯಾಗನ್ನು ಆರ್ಯಾಳ ಕೈಗೆ ಕೊಟ್ಟಳು. ಬುಟ್ಟಿಯೆದುರು ಕುಕ್ಕರುಗಾಲಿನಲ್ಲಿ ಕೂತಳು. ಒಂದು ಕೈ ಅಂಚಿಗೆ, ಒಂದು ಕೈ ತಳಕ್ಕೆ. ಅಬ್ಬಾ, ಅದೆಷ್ಟು ಭಾರ! ಅಜ್ಜಿ ದಿನಾ ಇಷ್ಟನ್ನು ಹೊರುತ್ತಾಳಾ? ಹಲ್ಲು ಕಚ್ಚಿ ಎತ್ತಿದಳು. ಬುಟ್ಟಿ ಹೋಗಿ ಸಿಂಬೆಯ ಮೇಲೆ ಕೂತಿತು. ತುದಿಗಾಲಿನಲ್ಲಿ ನಿಂತು ಪಕ್ಕಕ್ಕೆ ಟಪ್ ಟಪ್ ಎಂದು ತಟ್ಟಿದಳು.

“ಚೆನ್ನಾಗಿರು ಪೋರಿ,” ಅನ್ನುತ್ತ ಆ ಹೆಂಗಸು ಹಿಂದೆ ತಿರುಗದೆ ಹೊರಟುಹೋದಳು.

ಜುಯಿಯ ಮೊಣಕೈವರೆಗೂ ಮೀನಿನ ನೀರು ಇಳಿದಿತ್ತು. ಆರ್ಯಾ ಮೂಗಿನ ಹತ್ತಿರ ಕೈ ತಂದಳು. ಏನನಿಸಿತೋ, ಕೈ ಇಳಿಸಿ ತನ್ನ ಕರ್ಚೀಫು ಕೊಟ್ಟಳು.

ಬಸ್ಸು ಹೊರಟು ಎಷ್ಟೋ ದೂರ ಹೋದ ಮೇಲೆ ಜುಯಿಗೆ ನೆನಪಾಯಿತು. ಆ ಹೆಂಗಸಿನ ಹೆಸರು ಕೇಳಲೇ ಇಲ್ಲವಲ್ಲ! ಅವಳು ಕಿಟಕಿಯ ಕಡೆ ಮುಖ ಮಾಡಿ ಒಬ್ಬಳೇ ನಕ್ಕಳು.